ನೀರು ಬರುತ್ತೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?

ಆ ದಿನ ನಾನೂ ಚಪ್ಪಾಳೆ ತಟ್ಟಿದ್ದೆ.

ತುಂಬಾ ವರ್ಷಗಳ ಹಿಂದಿನ ಮಾತು. ಪ್ರವಾಹ ಇಳಿದು ಎರಡು ದಿನ ಆಗಿತ್ತು. ಒಂದು ಶಾಲೆಯನ್ನು ಪರಿಹಾರ ಕೇಂದ್ರ ಮಾಡಿದ್ದರು. ಕೈಲಾದಷ್ಟು ಮಾಡೋಣ ಅಂತ ಹೋದ ನಾಲ್ಕೈದು ಜನರಲ್ಲಿ ನಾನೂ ಒಬ್ಬ. ನನಗೆ ಸಿಕ್ಕಿದ್ದು ರಿಜಿಸ್ಟರ್ ಬರೆಯುವ ಕೆಲಸ. ಮನೆ ಯಜಮಾನರ ಹೆಸರು, ಜನ ಎಷ್ಟು, ಮನೆ ಪೂರ್ತಿ ಬಿದ್ದಿದೆಯೋ ಅರ್ಧ ಬಿದ್ದಿದೆಯೋ, ದನಕರು ಎಷ್ಟು ಹೋದವು. ಸಂಜೆ ಹೊತ್ತಿಗೆ ನಾಯಕರೊಬ್ಬರು ಬಂದರು. ಇನ್ನೂ ಜಿಟಿಜಿಟಿ ಮಳೆ ಬೀಳುತ್ತಿತ್ತು. ಕೊಡೆ ಹಿಡಿಯಲು ಬಂದವನನ್ನು ಪಕ್ಕಕ್ಕೆ ಸರಿಸಿ, ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು, ಕೆಸರಲ್ಲಿ ನಡೆದುಕೊಂಡೇ ಬಂದರು. ಅಷ್ಟು ಹೊತ್ತು ಯಾರೂ ಬಂದು ನೋಡಲಿಲ್ಲ ಅಂತ ಬೈಯುತ್ತಿದ್ದವರೇ ಎದ್ದು ನಿಂತರು. ಚಪ್ಪಾಳೆ ಯಾರು ಶುರು ಮಾಡಿದರೋ ಗೊತ್ತಿಲ್ಲ. ನಾನು ಪೆನ್ನು ಕೆಳಗಿಟ್ಟು ತಟ್ಟಿದೆ.

ಅವರು ಸೀದಾ ಹೋಗಿ, ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಜ್ಜಿಯ ಪಕ್ಕ ನೆಲದ ಮೇಲೆ ಕೂತರು. ಅಜ್ಜಿಯ ಕೈ ಹಿಡಿದುಕೊಂಡರು. ಕ್ಯಾಮೆರಾಗಳು ಹತ್ತಿರ ಬಂದವು. ಅಜ್ಜಿ ಕೇಳಿದರು, "ನಿಮಗೆ ಯಾವಾಗ ಗೊತ್ತಾಯ್ತಪ್ಪಾ?" ಅವರು, "ಮೊನ್ನೆ ರಾತ್ರೀನೇ ಗೊತ್ತಾಯ್ತಮ್ಮ, ರಸ್ತೆ ತೆರವಾದ ಕೂಡಲೇ ಹೊರಟು ಬಂದೆ" ಅಂದರು. ಅಜ್ಜಿ ತಲೆ ಅಲ್ಲಾಡಿಸಿದರು. "ನಾವು ಮುಳುಗಿದ್ದಲ್ಲ. ನೀರು ಬರುತ್ತೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಅವರು ಉತ್ತರ ಕೊಡಲಿಲ್ಲ. ಅದು ಸೊಕ್ಕು ಅಂತ ನನಗೆ ಇವತ್ತಿಗೂ ಅನಿಸುವುದಿಲ್ಲ. ಅಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ. ಅಷ್ಟರಲ್ಲಿ ಯಾರೋ "ಅಜ್ಜಿ ಗಾಬರಿಯಾಗಿದ್ದಾರೆ" ಅಂದರು. ಕಂಬಳಿ ಹೊದಿಸಿದರು. ಎಲ್ಲರೂ ಮುಂದಿನ ಕೋಣೆಗೆ ಹೋದರು. ನನ್ನ ರಿಜಿಸ್ಟರಿನಲ್ಲಿ ಅಜ್ಜಿಯ ಮಾತು ಬರೆಯುವುದಕ್ಕೆ ಕಾಲಂ ಇರಲಿಲ್ಲ. ಆದರೆ ಅಂದಿನಿಂದ ಎಲ್ಲೇ ಗುಡ್ಡ ಕುಸಿಯಲಿ, ಅಣೆಕಟ್ಟು ಒಡೆಯಲಿ, ವಿಷಗಾಳಿ ಹರಡಲಿ, ಸುದ್ದಿಯಲ್ಲಿ ನಾನು ಮೊದಲು ಹುಡುಕುವುದು ಅದೊಂದನ್ನೇ. ಯಾರಿಗೆ, ಯಾವಾಗ ಗೊತ್ತಿತ್ತು?

ರಾತ್ರಿ 8 ಗಂಟೆ 11 ನಿಮಿಷ

2024ರ ಅಕ್ಟೋಬರ್ 29. ಸ್ಪೇನಿನ ವೆಲೆನ್ಸಿಯಾ. ಬೆಳಗ್ಗೆ ಏಳೂವರೆ ಸುಮಾರಿಗೇ ಅಲ್ಲಿನ ಹವಾಮಾನ ಸಂಸ್ಥೆ ರೆಡ್ ಅಲರ್ಟ್ ಕೊಟ್ಟಿತ್ತು. ವೆಲೆನ್ಸಿಯಾ ವಿಶ್ವವಿದ್ಯಾಲಯವಂತೂ ಹಿಂದಿನ ದಿನವೇ ತರಗತಿ ರದ್ದು ಮಾಡಿತ್ತು. ಅಂದರೆ ಮುನ್ಸೂಚನೆ ಓದಿ ಅರ್ಥ ಮಾಡಿಕೊಂಡವರು ಅದೇ ಊರಿನಲ್ಲಿ ಇದ್ದರು. ಚೀವಾ ಎಂಬಲ್ಲಿ 8 ಗಂಟೆಯಲ್ಲಿ 491 ಮಿಲಿಮೀಟರ್ ಮಳೆ ಸುರಿಯಿತು. ವರ್ಷವೆಲ್ಲ ಹೆಚ್ಚುಕಡಿಮೆ ಒಣಗಿಯೇ ಇರುವ ಪೋಯೊ ಹಳ್ಳದಲ್ಲಿ ಆ ನೀರು ನುಗ್ಗಿ, ಮಳೆಯೇ ಇಲ್ಲದ ಕೆಳಗಿನ ಊರುಗಳಿಗೆ ಬಂತು. ಮಳೆ ಇಲ್ಲವಲ್ಲ ಅಂತ ಜನ ಆರಾಮಾಗಿದ್ದರು. ಮೊಬೈಲುಗಳಿಗೆ ಎಚ್ಚರಿಕೆ ಸಂದೇಶ ಬಂದದ್ದು ರಾತ್ರಿ 8:11ಕ್ಕೆ. ಆ ಹೊತ್ತಿಗೆ ಎಷ್ಟೋ ಮನೆಗಳ ಕೆಳಮಹಡಿ ಮುಳುಗಿಹೋಗಿತ್ತು. 220ಕ್ಕೂ ಹೆಚ್ಚು ಜನ ಸತ್ತರು.

ಪ್ರಾಂತ್ಯದ ಅಧ್ಯಕ್ಷ ಕಾರ್ಲೋಸ್ ಮಸೋನ್ ಆ ಮಧ್ಯಾಹ್ನ ಒಬ್ಬ ಪತ್ರಕರ್ತೆಯ ಜೊತೆ ಊಟಕ್ಕೆ ಕೂತಿದ್ದರು. ಆ ಊಟ ಸಂಜೆಯವರೆಗೂ ನಡೆಯಿತು. ಎಷ್ಟು ಹೊತ್ತಿಗೆ ಎದ್ದರು, ಎಷ್ಟು ಹೊತ್ತಿಗೆ ತುರ್ತು ಸಭೆಗೆ ಬಂದರು ಅನ್ನುವ ವಿವರಣೆ ಹಲವು ಸಲ ಬದಲಾಯಿತು. ನವೆಂಬರ್ 3ರಂದು ಪೈಪೋರ್ತಾ ಊರಿಗೆ ಬಂದ ರಾಜ, ಪ್ರಧಾನಿ, ಮಸೋನ್ ಮೂವರ ಮೇಲೂ ಜನ ಕೆಸರು ಎರಚಿದರು. ಸರಿಯಾಗಿ ಒಂದು ವರ್ಷದ ನಂತರ, 2025ರ ನವೆಂಬರ್ 3ರಂದು, ಮಸೋನ್ ರಾಜೀನಾಮೆ ಘೋಷಿಸಿದರು.

ಆ ಊಟದ ಸುದ್ದಿಯನ್ನು ನಾನು ಕೂಡ ಬಿಡದೆ ಓದಿದೆ. ಸಿಟ್ಟು ಬಂತು. ಬರಲೇಬೇಕಾದ ಸಿಟ್ಟು ಅದು. ಮೇಲಿನವರು ಕೈಗೆ ಸಿಗದಿದ್ದರೆ ಕೆಳಗಿನವರು ನಿರ್ಧಾರ ತೆಗೆದುಕೊಳ್ಳಲು ಹೆದರುತ್ತಾರೆ. ತುರ್ತಿನ ಹೊತ್ತಲ್ಲಿ ಆ ಹೆದರಿಕೆಯಿಂದಲೇ ಜೀವ ಹೋಗುತ್ತದೆ. ಆದರೆ ಓದುತ್ತಾ ಹೋದ ಹಾಗೆ ನನಗೆ ಬೇರೆ ಒಂದು ವಿಷಯ ಜಾಸ್ತಿ ಕಾಡತೊಡಗಿತು. ಹಿಂದಿನ ಸರ್ಕಾರ ಕಟ್ಟಲು ಹೊರಟಿದ್ದ ಒಂದು ತುರ್ತು ಘಟಕವನ್ನು ಮಸೋನ್ ಸರ್ಕಾರ ಅಧಿಕಾರಕ್ಕೆ ಬಂದ ಕೂಡಲೇ ರದ್ದು ಮಾಡಿತ್ತು. ಆ ಹಳ್ಳದ ಪಾತ್ರದ ಅಕ್ಕಪಕ್ಕದಲ್ಲಿ ಮನೆ ಕಟ್ಟಲು ದಶಕಗಳಿಂದ ಒಪ್ಪಿಗೆ ಸಿಗುತ್ತಾ ಬಂದಿತ್ತು. ಅದರಲ್ಲಿ ಎಲ್ಲ ಪಕ್ಷದವರ ಪಾಲೂ ಇದೆ. ಆ ಊಟಕ್ಕೆ ಒಂದು ಹೋಟೆಲು, ಒಂದು ಟೇಬಲ್ಲು, ಒಂದು ಮುಖ ಇದೆ. ಮೂವತ್ತು ವರ್ಷದ ಕಟ್ಟಡ ಪರವಾನಗಿಗೆ ಮುಖ ಎಲ್ಲಿದೆ?

ಭೋಪಾಲದ ವಿಷಯದಲ್ಲೂ ಇದೇ ಆಯಿತು. 1984ರ ಡಿಸೆಂಬರ್ 7ರಂದು ವಿಷಗಾಳಿ ಸೋರಿದ ಕಾರ್ಖಾನೆಯ ಕಂಪನಿ ಯೂನಿಯನ್ ಕಾರ್ಬೈಡಿನ ಅಧ್ಯಕ್ಷ ವಾರೆನ್ ಆಂಡರ್ಸನ್ ಬಂದರು, ಬಂಧನವಾಯಿತು, ಅದೇ ದಿನ ಜಾಮೀನು ಸಿಕ್ಕಿ ಸರ್ಕಾರಿ ವಿಮಾನದಲ್ಲೇ ದೆಹಲಿಗೆ ಹೋದರು. ಆ ವಿಮಾನಕ್ಕೆ ಹೇಳಿದವರು ಯಾರು ಅಂತ ನಾವು ದಶಕಗಳ ಕಾಲ ಜಗಳ ಆಡಿದೆವು. ಆಡಬೇಕಾದ ಜಗಳವೇ. ಆದರೆ ವಿಷವನ್ನು ತಣ್ಣಗಿಡುವ ಯಂತ್ರ ತಿಂಗಳುಗಳಿಂದ ನಿಂತೇ ಹೋಗಿತ್ತು. ಪತ್ರಕರ್ತ ರಾಜಕುಮಾರ್ ಕೇಸ್ವಾನಿ 1982ರಿಂದಲೇ ಭೋಪಾಲ ಜ್ವಾಲಾಮುಖಿಯ ಬಾಯಲ್ಲಿದೆ ಅಂತ ಬರೆಯುತ್ತಿದ್ದರು. ಅದನ್ನು ಓದಿದ ಮಂತ್ರಿ ಯಾರು, ಓದಿ ಏನು ಮಾಡಿದರು ಅಂತ ವಿಮಾನದಷ್ಟು ಜೋರಾಗಿ ನಾವು ಕೇಳಲಿಲ್ಲ.

ಬೂಟು, ಕಿಟಕಿ, ನಗು

2002ರ ಆಗಸ್ಟಿನಲ್ಲಿ ಜರ್ಮನಿಯ ಎಲ್ಬೆ ನದಿ ಉಕ್ಕಿತು. ಚುನಾವಣೆಗೆ ಕೆಲವೇ ವಾರ ಉಳಿದಿತ್ತು. ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಸಮೀಕ್ಷೆಗಳಲ್ಲಿ ಹಿಂದಿದ್ದರು. ರಬ್ಬರ್ ಬೂಟು ಹಾಕಿಕೊಂಡು ಕೆಸರಿಗೆ ಇಳಿದರು, ಪರಿಹಾರದ ಹಣವನ್ನು ಬೇಗ ಬಿಡುಗಡೆ ಮಾಡಿಸಿದರು, ಗೆದ್ದರು. ಆಮೇಲೆ ಸಂಶೋಧಕರು ಲೆಕ್ಕ ಹಾಕಿ ನೋಡಿದಾಗ, ನೆರೆ ಬಂದ ಕಡೆಗಳಲ್ಲಿ ಅವರ ಪಕ್ಷಕ್ಕೆ ಸುಮಾರು 7 ಶೇಕಡಾ ಅಂಶದಷ್ಟು ಮತ ಹೆಚ್ಚಿತ್ತು. ಅದರಲ್ಲಿ ಕಾಲು ಭಾಗ ಮೂರು ವರ್ಷದ ನಂತರವೂ ಉಳಿದಿತ್ತು.

2005ರಲ್ಲಿ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸನ್ನು ಮುಳುಗಿಸಿದಾಗ ಜಾರ್ಜ್ ಬುಷ್ ವಿಮಾನದ ಕಿಟಕಿಯಿಂದ ಕೆಳಗೆ ನೋಡುತ್ತಿದ್ದ ಫೋಟೋ ಬಂತು. ಅವರ ಹೆಸರಿನ ಜೊತೆ ಆ ಕಿಟಕಿ ಅಂಟಿಕೊಂಡೇ ಉಳಿಯಿತು. 2021ರ ಜುಲೈನಲ್ಲಿ ಮತ್ತೆ ಜರ್ಮನಿ. ಆರ್ ಕಣಿವೆಯೂ ಸೇರಿ 180ಕ್ಕೂ ಹೆಚ್ಚು ಜನ ಸತ್ತಿದ್ದರು. ನೆರೆಪೀಡಿತ ಊರಲ್ಲಿ ರಾಷ್ಟ್ರಪತಿ ಮಾತಾಡುತ್ತಿದ್ದಾಗ ಹಿಂದೆ ನಿಂತಿದ್ದ ಆರ್ಮಿನ್ ಲಾಶೆಟ್ ನಕ್ಕದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ಚಾನ್ಸಲರ್ ಆಗಲು ಹೊರಟವರು ಅವರು. ಎರಡು ತಿಂಗಳಲ್ಲಿ ಚುನಾವಣೆ ಸೋತರು.

ನಗು ತಪ್ಪು. ಸಾವಿನ ಮನೆಯಲ್ಲಿ ಹೇಗಿರಬೇಕು ಅನ್ನುವುದು ಯಾರಿಗೂ ಹೇಳಿಕೊಡಬೇಕಾದ ಪಾಠ ಅಲ್ಲ. ಆದರೆ ನ್ಯೂ ಆರ್ಲಿಯನ್ಸಿನಲ್ಲಿ ಜನರನ್ನು ಕೊಂದದ್ದು ಆ ಕಿಟಕಿ ಅಲ್ಲವಲ್ಲ. ಸೇನೆಯ ಎಂಜಿನಿಯರುಗಳು ಕಟ್ಟಿದ ತಡೆಗೋಡೆಗಳಲ್ಲಿ ಕೆಲವು, ತಡೆಯಬೇಕಾದಷ್ಟು ನೀರು ಬರುವ ಮೊದಲೇ ಮುರಿದುಬಿದ್ದಿದ್ದವು. ಹಿಂದಿನ ವರ್ಷವೇ, 2004ರ ಜುಲೈನಲ್ಲಿ, ಇಂಥದೇ ಒಂದು ಕಲ್ಪಿತ ಚಂಡಮಾರುತ ನಗರವನ್ನು ಮುಳುಗಿಸಿದರೆ ಏನಾಗುತ್ತದೆ ಅಂತ ಅಧಿಕಾರಿಗಳು ಕೂತು ಅಭ್ಯಾಸ ಮಾಡಿ ನೋಡಿದ್ದರು. ಗೊತ್ತಿತ್ತು. ಕಾಗದದ ಮೇಲೆ ಎಲ್ಲವೂ ಗೊತ್ತಿತ್ತು.

ಆಂಡ್ರ್ಯೂ ಹೀಲಿ ಮತ್ತು ನೀಲ್ ಮಲ್ಹೋತ್ರಾ ಎಂಬ ಇಬ್ಬರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಮೆರಿಕದ ಚುನಾವಣೆಗಳನ್ನೂ ವಿಪತ್ತಿನ ಖರ್ಚನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರು. ಅನಾಹುತ ಆದ ಮೇಲೆ ಪರಿಹಾರ ಹಂಚಿದರೆ ಜನ ಮತ ಕೊಡುತ್ತಾರೆ. ಅನಾಹುತ ಆಗದಂತೆ ಮೊದಲೇ ಖರ್ಚು ಮಾಡಿದರೆ ಕೊಡುವುದಿಲ್ಲ. ಅದೇ ಅಧ್ಯಯನದ ಅಂದಾಜಿನಲ್ಲಿ, ಮುಂಜಾಗ್ರತೆಗೆ ಹಾಕಿದ ಒಂದು ಡಾಲರು ಮುಂದಿನ ಸುಮಾರು 15 ಡಾಲರಿನ ನಷ್ಟ ತಪ್ಪಿಸುತ್ತದೆ. ಹೀಗಿರುವಾಗ ಯಾವ ನಾಯಕ ಹಳ್ಳದ ಹೂಳು ತೆಗೆಸಲು ಹಣ ಇಡುತ್ತಾನೆ? ಪರಿಹಾರ ಕೇಂದ್ರದಲ್ಲಿ ನಾನು ತಟ್ಟಿದ ಚಪ್ಪಾಳೆ ಆ ನಾಯಕರಿಗೆ ಏನು ಕಲಿಸಿರಬಹುದು ಅಂತ ಯೋಚಿಸುತ್ತಾ ಮಲಗಿದ್ದೆ.

ನಕ್ಷೆಯಲ್ಲಿದ್ದ ಬುಗ್ಗೆ

ನನಗೆ ಬಿಡದೆ ಕಾಡುವ ಊರು ಅಬರ್‌ಫ್ಯಾನ್. ವೇಲ್ಸ್‌ನ ಒಂದು ಸಣ್ಣ ಗಣಿ ಊರು. ಗಣಿಯಿಂದ ತೆಗೆದ ಕಲ್ಲುಮಣ್ಣಿನ ಕಸವನ್ನು ಊರಿನ ಮೇಲಿನ ಗುಡ್ಡದಲ್ಲಿ ರಾಶಿ ಹಾಕುತ್ತಿದ್ದರು. ಏಳನೇ ನಂಬರಿನ ರಾಶಿಯನ್ನು ಹಾಕಿದ್ದು ನೀರಿನ ಬುಗ್ಗೆಯ ಮೇಲೆ. 1963ರಲ್ಲೇ ಸ್ಥಳೀಯ ಪುರಸಭೆಯ ಎಂಜಿನಿಯರ್ ಕಾಗದ ಬರೆದಿದ್ದರು. ಪ್ಯಾಂಟ್‌ಗ್ಲಾಸ್ ಶಾಲೆಗಳ ಹಿಂದೆ ಸುರಿಯುತ್ತಿರುವ ಕೆಸರಿನಿಂದ ಅಪಾಯ ಇದೆ ಅನ್ನುವುದೇ ಆ ಕಾಗದದ ವಿಷಯ. 1965ರಲ್ಲಿ ಇಬ್ಬರು ತಾಯಂದಿರು ಶಾಲೆಯ ಕಡೆಗೆ ನುಗ್ಗುವ ನೀರಿನ ಬಗ್ಗೆ ಮನವಿ ಕೊಟ್ಟರು. ಮುಖ್ಯೋಪಾಧ್ಯಾಯಿನಿ ಅದನ್ನು ಮೇಲಕ್ಕೆ ಕಳಿಸಿದರು.

1966ರ ಅಕ್ಟೋಬರ್ 21, ಶುಕ್ರವಾರ. ಬೆಳಗ್ಗೆ ಒಂಬತ್ತೂಕಾಲು. ಮಕ್ಕಳು ಆಗಷ್ಟೇ ತರಗತಿಗೆ ಬಂದು ಕೂತಿದ್ದರು. ರಾಶಿ ಜಾರಿತು. 144 ಜನ ಸತ್ತರು. ಅವರಲ್ಲಿ 116 ಮಕ್ಕಳು.

ಪ್ರಧಾನಿ ಹೆರಾಲ್ಡ್ ವಿಲ್ಸನ್ ಅದೇ ರಾತ್ರಿ ಬಂದರು. ಗಣಿಗಳ ಒಡೆತನ ಇದ್ದ ಸರ್ಕಾರಿ ಮಂಡಳಿ, ನ್ಯಾಷನಲ್ ಕೋಲ್ ಬೋರ್ಡ್. ಅದರ ಅಧ್ಯಕ್ಷ ಲಾರ್ಡ್ ರಾಬೆನ್ಸ್ ಬರಲಿಲ್ಲ. ಒಂದು ವಿಶ್ವವಿದ್ಯಾಲಯದ ಕುಲಪತಿಯಾಗಿ ಅಧಿಕಾರ ಸ್ವೀಕರಿಸುವ ಸಮಾರಂಭ ಮುಗಿಸಿ ಮರುದಿನ ಸಂಜೆ ಬಂದರು. ರಾಶಿಯ ಕೆಳಗೆ ಯಾರಿಗೂ ಗೊತ್ತಿಲ್ಲದ ಬುಗ್ಗೆ ಇತ್ತು ಅಂತ ಹೇಳಿದರು. ಆ ಬುಗ್ಗೆ ಸರ್ಕಾರಿ ನಕ್ಷೆಯಲ್ಲೇ ಇತ್ತು. ಊರಿನ ಹುಡುಗರಿಗೂ ಗೊತ್ತಿತ್ತು. ಸಾವಿನ ವಿಚಾರಣೆಯಲ್ಲಿ ಒಂದು ಮಗುವಿನ ಹೆಸರು ಓದಿ, ಉಸಿರುಗಟ್ಟಿ ಸಾವು ಅಂದಾಗ ಆ ಮಗುವಿನ ತಂದೆ ಎದ್ದು ನಿಂತರು. ಇಲ್ಲ, ಕೋಲ್ ಬೋರ್ಡ್ ಜೀವಂತ ಹೂತುಹಾಕಿತು ಅಂತ ಬರೆಯಿರಿ ಅಂದರು. ನಾನು ಈ ಸಾಲು ಬರೆಯುವಾಗಲೂ ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು.

ತನಿಖಾ ಮಂಡಳಿ 76 ದಿನ ಕೂತಿತು. ತಪ್ಪು ಕೋಲ್ ಬೋರ್ಡಿನದೇ ಅಂತ 1967ರಲ್ಲಿ ಸ್ಪಷ್ಟವಾಗಿ ಬರೆಯಿತು. ಆಮೇಲೆ ಏನಾಯಿತು? ಒಬ್ಬರ ಮೇಲೂ ಕೇಸಾಗಲಿಲ್ಲ. ಒಬ್ಬರೂ ಕೆಲಸ ಕಳೆದುಕೊಳ್ಳಲಿಲ್ಲ. ರಾಬೆನ್ಸ್ ರಾಜೀನಾಮೆ ಕೊಡುತ್ತೇನೆ ಅಂದರು. ಸರ್ಕಾರ ಬೇಡ ಅಂದಿತು. ಊರಿನ ಮೇಲೆ ಇನ್ನೂ ನಿಂತಿದ್ದ ರಾಶಿಗಳನ್ನು ತೆಗೆಸಿ ಅಂತ ತಂದೆತಾಯಂದಿರು ಅಂಗಲಾಚಿದರು. ಕೊನೆಗೆ ತೆಗೆಸಿದರು. ಅದಕ್ಕೆ 1,50,000 ಪೌಂಡನ್ನು ತೆಗೆದುಕೊಂಡಿದ್ದು ಎಲ್ಲಿಂದ ಗೊತ್ತಾ? ಸತ್ತ ಮಕ್ಕಳ ಮನೆಯವರಿಗೆ ಅಂತ ಜನ ಕೊಟ್ಟ ನಿಧಿಯಿಂದ. ಆ ಹಣ ವಾಪಸ್ ಬಂದದ್ದು 1997ರಲ್ಲಿ, ಬಡ್ಡಿ ಇಲ್ಲದೆ.

ಆ ನಿಧಿಗೆ ಕೈ ಹಾಕಿದ್ದು ವಿಲ್ಸನ್ ಸರ್ಕಾರವೇ. ಅಂದರೆ ಅದೇ ರಾತ್ರಿ ಓಡಿ ಬಂದವರು, ಮಣ್ಣಿನ ಮುಂದೆ ನಿಂತವರು. ಅವರ ದುಃಖ ನಾಟಕ ಅಂತ ನಾನು ಹೇಳುತ್ತಿಲ್ಲ. ನಿಜವಾಗಿಯೇ ಅತ್ತಿರಬಹುದು. ಬಂದು ನಿಲ್ಲುವುದಕ್ಕೂ ಹೊಣೆ ಹೊರುವುದಕ್ಕೂ ಎಷ್ಟು ದೂರ ಇದೆ ಅಂತ ನನಗೆ ಅರ್ಥವಾಗಿದ್ದು ಅಬರ್‌ಫ್ಯಾನಿನಿಂದ.

"ಇದು ರಾಜಕೀಯ ಮಾಡುವ ಹೊತ್ತಲ್ಲ"

ಈ ಮಾತನ್ನು ಪ್ರತಿ ಸಲ ಕೇಳುತ್ತೇವೆ ಅಲ್ವಾ? ಅರ್ಧ ನಿಜ ಇದೆ. 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಮರುದಿನವೇ, ಇನ್ನೂ ಹೆಣ ತೆಗೆಯುತ್ತಿರುವಾಗ, ಮೊದಲೇ ಎಚ್ಚರಿಕೆ ಕೊಟ್ಟಿದ್ದೆವು ಅಂತ ಕೇಂದ್ರ ಗೃಹ ಸಚಿವ ಅಮಿತ್ ಶಾ ಸಂಸತ್ತಿನಲ್ಲಿ ಹೇಳಿದರು. ಬಂದದ್ದು ಆರೆಂಜ್ ಅಲರ್ಟ್ ಮಾತ್ರ, ರೆಡ್ ಅಲರ್ಟ್ ಬಂದದ್ದು ಗುಡ್ಡ ಕುಸಿದ ಮೇಲೆ ಅಂತ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಹೇಳಿದರು. ಜಗಳ ಅಲರ್ಟಿನ ಬಣ್ಣದ ಸುತ್ತ ನಿಂತಿತು. ಐದು ವರ್ಷದ ಹಿಂದೆ, 2019ರ ಆಗಸ್ಟಿನಲ್ಲಿ, ಅಲ್ಲೇ ಹತ್ತಿರದ ಪುತ್ತುಮಲದಲ್ಲಿ ಗುಡ್ಡ ಕುಸಿದು ಜನ ಸತ್ತಿದ್ದರು. 2011ರಲ್ಲೇ ಮಾಧವ ಗಾಡ್ಗೀಳ್ ಸಮಿತಿ ಪಶ್ಚಿಮ ಘಟ್ಟದಲ್ಲಿ ಎಲ್ಲೆಲ್ಲಿ ಕೈ ಹಾಕಬಾರದು ಅಂತ ಗುರುತು ಮಾಡಿ ಕೊಟ್ಟಿತ್ತು. ಘಟ್ಟದ ಸಾಲಿನ ಯಾವ ರಾಜ್ಯ ಸರ್ಕಾರವೂ ಆ ವರದಿಯನ್ನು ಒಪ್ಪಲಿಲ್ಲ. ಹಾಗಾಗಿ ಆ ಜಗಳದಲ್ಲಿ ಅದನ್ನು ಎತ್ತುವುದು ಯಾರಿಗೂ ಬೇಕಾಗಿರಲಿಲ್ಲ.

ಬದುಕಿರುವವರನ್ನು ಮಣ್ಣಿನಿಂದ ತೆಗೆಯುವ ಹೊತ್ತಲ್ಲಿ ಕೆಸರೆರಚಾಟ ಬೇಡ, ಒಪ್ಪುತ್ತೇನೆ. ಆದರೆ ಕೇಳುವ ಹೊತ್ತು ಯಾವುದು ಹಾಗಾದರೆ? ಮೊದಲ ವಾರ ದುಃಖದ ಹೊತ್ತು. ಎರಡನೇ ವಾರ ಪರಿಹಾರದ ಹೊತ್ತು. ಮೂರನೇ ವಾರಕ್ಕೆ ಬೇರೆ ಸುದ್ದಿ ಬಂದಿರುತ್ತದೆ. ಮನೆ ಕಳೆದುಕೊಂಡವರು ಮಾತ್ರ ಕೇಳುತ್ತಲೇ ಇರುತ್ತಾರೆ, ಅವರ ಮುಂದೆ ಮೈಕು ಇರುವುದಿಲ್ಲ.

ಇನ್ನೊಂದು ಮಾತೂ ಇದೆ. ಇದು ಎಲ್ಲರ ತಪ್ಪು ಅನ್ನುವುದು. ಫುಕುಶಿಮಾ ಅಣುಸ್ಥಾವರದ ಕಂಪನಿಯ ಒಳಗೆ 2008ರಲ್ಲೇ ಒಂದು ಲೆಕ್ಕ ಬಂದಿತ್ತು, 15.7 ಮೀಟರ್ ಎತ್ತರದ ಸುನಾಮಿ ಬರಬಹುದು ಅಂತ. ಗೋಡೆ ಎತ್ತರಿಸಲಿಲ್ಲ. 2011ರ ಮಾರ್ಚ್ 11ರಂದು ಹೆಚ್ಚುಕಡಿಮೆ ಅಷ್ಟೇ ಎತ್ತರದ ನೀರು ಬಂತು. ಜಪಾನ್ ಸಂಸತ್ತು ನೇಮಿಸಿದ ಸ್ವತಂತ್ರ ಆಯೋಗ ಇದು ಮನುಷ್ಯ ಮಾಡಿದ ಅನಾಹುತ ಅಂತ 2012ರಲ್ಲಿ ನೇರವಾಗಿ ಹೇಳಿತು. ಅಷ್ಟು ಧೈರ್ಯದ ಮಾತು. ಆದರೆ ಅದರ ಅಧ್ಯಕ್ಷರು ಮುನ್ನುಡಿಯಲ್ಲಿ ಮೂಲ ಕಾರಣವನ್ನು ದೇಶದ ಸಂಸ್ಕೃತಿಯಲ್ಲಿ, ಎದುರು ಮಾತಾಡದ ಗುಣದಲ್ಲಿ ಹುಡುಕಿದರು. ಬೇರೆಯವರು ಆ ಜಾಗದಲ್ಲಿದ್ದರೂ ಹೀಗೇ ಆಗುತ್ತಿತ್ತು ಅಂದರು. ಸಂಸ್ಕೃತಿಯನ್ನು ಕಟಕಟೆಗೆ ಕರೆಯಲು ಆಗುತ್ತದಾ? ಕಂಪನಿಯ ಹಿಂದಿನ ಅಧಿಕಾರಿಗಳ ಮೇಲಿನ ಕ್ರಿಮಿನಲ್ ಕೇಸು 2025ರಲ್ಲಿ ಖುಲಾಸೆಯಲ್ಲೇ ಮುಗಿಯಿತು.

ಇಟಲಿಯ ವಯೋಂಟ್ ಅಣೆಕಟ್ಟಿನ ಕತೆ ಇನ್ನೂ ಕಹಿ. 1963ರ ಅಕ್ಟೋಬರ್ 9ರ ರಾತ್ರಿ ಪಕ್ಕದ ಬೆಟ್ಟ ಜಲಾಶಯಕ್ಕೆ ಜಾರಿತು. ನೀರು ಅಣೆಕಟ್ಟನ್ನು ಹಾರಿ ಲೊಂಗರೋನೆ ಊರನ್ನು ಅಳಿಸಿಹಾಕಿತು. ಸತ್ತವರು ಸುಮಾರು 2,000. ಟೀನಾ ಮೆರ್ಲಿನ್ ಎಂಬ ಪತ್ರಕರ್ತೆ ವರ್ಷಗಳ ಹಿಂದೆಯೇ ಅಪಾಯದ ಬಗ್ಗೆ ಬರೆದಿದ್ದರು. ಸುಳ್ಳು ಸುದ್ದಿ ಹರಡಿದರು ಅಂತ ಅವರ ಮೇಲೆ ಕೇಸು ಹಾಕಿದ್ದರು. ಕೋರ್ಟು ಅವರನ್ನು ಬಿಟ್ಟಿತ್ತು. ಆಗಿನ ಪ್ರಧಾನಿ ಜೊವಾನ್ನಿ ಲೆಯೋನೆ ಬಂದು ನಿಮಗೆ ನ್ಯಾಯ ಕೊಡಿಸುತ್ತೇನೆ ಅಂತ ಮಾತು ಕೊಟ್ಟರು. ಅಧಿಕಾರದಿಂದ ಇಳಿದ ಮೇಲೆ ಅವರು ಅದೇ ಅಣೆಕಟ್ಟು ಕಂಪನಿಯ ಪರ ವಕೀಲರ ತಂಡದ ಮುಖ್ಯಸ್ಥರಾದರು.

ಹೊಣೆ ಕೆಳಕ್ಕೆ ಜಾರುವುದನ್ನೂ ನೋಡಿದ್ದೇನೆ. 2009ರಲ್ಲಿ ಇಟಲಿಯದೇ ಲಾಕ್ವಿಲಾದಲ್ಲಿ ಭೂಕಂಪ ಆಗಿ 309 ಜನ ಸತ್ತಾಗ ಆರು ವಿಜ್ಞಾನಿಗಳಿಗೂ ಒಬ್ಬ ಅಧಿಕಾರಿಗೂ ಆರಾರು ವರ್ಷ ಜೈಲು ಅಂತ 2012ರಲ್ಲಿ ತೀರ್ಪಾಯಿತು. ಭೂಕಂಪವನ್ನು ಮೊದಲೇ ಹೇಳಲು ಯಾರಿಗೂ ಬರುವುದಿಲ್ಲ. 2014ರಲ್ಲಿ ವಿಜ್ಞಾನಿಗಳು ಬಿಡುಗಡೆಯಾದರು. ಏನೂ ಆಗಲ್ಲ, ಆರಾಮಾಗಿರಿ ಅಂತ ಜನರಿಗೆ ಹೇಳಿದ್ದ ಅಧಿಕಾರಿಗೆ ಮಾತ್ರ ಎರಡು ವರ್ಷದ ಶಿಕ್ಷೆ ಉಳಿಯಿತು. ನನಗೆ ಇದು ಸರಿಯಾದ ಗೆರೆ ಅನಿಸುತ್ತದೆ. ಗೊತ್ತಿಲ್ಲದ್ದಕ್ಕೆ ಶಿಕ್ಷೆ ಬೇಡ. ಸುಳ್ಳು ಧೈರ್ಯ ಹೇಳಿದ್ದಕ್ಕೆ, ಬಂದ ಕಾಗದವನ್ನು ತೆರೆಯದೆ ಇಟ್ಟದ್ದಕ್ಕೆ ಲೆಕ್ಕ ಕೇಳಬೇಕು.

ಬೈದದ್ದು ಕೆಲಸಕ್ಕೆ ಬಂದಾಗ

ವೆಲೆನ್ಸಿಯಾಕ್ಕೆ ಸರಿಯಾಗಿ 25 ವರ್ಷ ಮೊದಲು, 1999ರ ಅದೇ ಅಕ್ಟೋಬರ್ 29ರಂದು, ಒಡಿಶಾಕ್ಕೆ ಸೂಪರ್ ಸೈಕ್ಲೋನ್ ಬಂತು. ಸುಮಾರು 10,000 ಜನ ಸತ್ತರು. ಸಿಟ್ಟು ಎಷ್ಟಿತ್ತೆಂದರೆ ಆ ವರ್ಷ ಮುಗಿಯುವ ಮೊದಲೇ ಮುಖ್ಯಮಂತ್ರಿ ಗಿರಿಧರ್ ಗಮಾಂಗ್ ಇಳಿಯಬೇಕಾಯಿತು. ಇಳಿಸಿ ಜನ ಸುಮ್ಮನಾಗಿದ್ದರೆ ಅದು ಇನ್ನೊಂದು ರಾಜೀನಾಮೆ ಅಷ್ಟೇ ಆಗುತ್ತಿತ್ತು. ಅಲ್ಲಿ ಹಾಗಾಗಲಿಲ್ಲ. ವಿಪತ್ತಿಗೇ ಅಂತ ಒಂದು ಪ್ರಾಧಿಕಾರ ಕಟ್ಟಿದರು. ಕರಾವಳಿಯ ಉದ್ದಕ್ಕೂ ಆಶ್ರಯ ಕಟ್ಟಡಗಳು ಎದ್ದವು. ಯಾವ ಮನೆಯವರನ್ನು ಯಾರು ಎಬ್ಬಿಸಬೇಕು ಅಂತ ಊರೂರಲ್ಲಿ ಅಭ್ಯಾಸ ನಡೆಯಿತು. 2013ರ ಅಕ್ಟೋಬರಿನಲ್ಲಿ ಫೈಲಿನ್ ಬಂದಾಗ ಹತ್ತಿರ ಹತ್ತಿರ 10 ಲಕ್ಷ ಜನರನ್ನು ಮೊದಲೇ ಸಾಗಿಸಿದರು. ಸತ್ತವರು 50ಕ್ಕಿಂತ ಕಡಿಮೆ. ಒಂದೊಂದು ಸಾವೂ ಸಾವೇ, ನಿಜ. ಆದರೆ ಆ ಎರಡು ಅಂಕಿಗಳ ನಡುವೆ ಬದುಕಿ ಉಳಿದವರು ತಾವು ಉಳಿದೆವು ಅಂತ ಕೂಡ ತಿಳಿಯದೆ ಮನೆಗೆ ವಾಪಸ್ ಹೋದರು.

ಮೊದಲೇ ಮಾಡಿದ ಕೆಲಸಕ್ಕೆ ಫೋಟೋ ಇರುವುದಿಲ್ಲ. ಇದನ್ನು ಯೋಚಿಸುವಾಗ ನನಗೆ ಫುದಾಯ್ ನೆನಪಾಗುತ್ತದೆ. ಜಪಾನಿನ ಈಶಾನ್ಯ ತೀರದ ಒಂದು ಸಣ್ಣ ಹಳ್ಳಿ. ಕೋಟೊಕು ವಾಮುರಾ ಎಂಬುವರು 1940ರ ದಶಕದಿಂದ 1987ರವರೆಗೆ, ಒಂದಾದ ಮೇಲೊಂದು ಹತ್ತು ಅವಧಿ, ಅಲ್ಲಿ ಮೇಯರ್ ಆಗಿದ್ದರು. 1933ರ ಸುನಾಮಿಯ ನಂತರ ಮಣ್ಣಿನಿಂದ ಹೆಣ ಎತ್ತುವುದನ್ನು ಅವರು ಕಣ್ಣಾರೆ ನೋಡಿದ್ದರು. ಹೊಳೆಯ ಬಾಯಿಗೆ 15.5 ಮೀಟರ್ ಎತ್ತರದ ಬಾಗಿಲು ಕಟ್ಟಿಸಬೇಕು ಅಂತ ಹಟ ಹಿಡಿದರು. ಇಷ್ಟು ಎತ್ತರ ಯಾಕೆ, ಸುಮ್ನೆ ದುಡ್ಡು ದಂಡ ಅಂತ ಜನ ಬೈದರು. ಜಾಗ ಬಿಟ್ಟುಕೊಡಬೇಕಾದವರು ಸಿಟ್ಟಾದರು. ಅವರು ಎತ್ತರ ಇಳಿಸಲಿಲ್ಲ. 1984ರಲ್ಲಿ ಬಾಗಿಲು ಪೂರ್ತಿಯಾಯಿತು. ಅವರು ಅಧಿಕಾರದಲ್ಲಿ ಇರುವವರೆಗೂ ಅದಕ್ಕೆ ತಾಗುವಂಥ ಅಲೆ ಒಂದೂ ಬರಲಿಲ್ಲ. 1997ರಲ್ಲಿ ತೀರಿಕೊಂಡರು. ಆಗಲೂ ಬಂದಿರಲಿಲ್ಲ.

2011ರ ಮಾರ್ಚ್ 11ರಂದು ಆ ತೀರದ ಊರಿಗೆ ಊರೇ ಕೊಚ್ಚಿಹೋದಾಗ, ಫುದಾಯಿಯ ಬಾಗಿಲು ಮುಚ್ಚಿತ್ತು. ಬಾಗಿಲ ಹೊರಗಿದ್ದ ಮೀನುಗಾರಿಕೆ ಬಂದರು ಹಾಳಾಯಿತು. ದೋಣಿ ನೋಡಲು ಹೊರಗೆ ಹೋದ ಒಬ್ಬರು ವಾಪಸ್ ಬರಲಿಲ್ಲ. ಸ್ವಲ್ಪ ನೀರು ಮೇಲಿಂದ ಹಾರಿ ಒಳಗೂ ಬಂತು. ಮನೆಗಳು, ಶಾಲೆ, ಜನ ಉಳಿದರು. ಆಮೇಲೆ ಊರಿನವರು ವಾಮುರಾ ಅವರ ಸಮಾಧಿಗೆ ಹೋಗಿ ಕೈಮುಗಿದು ಬಂದರು. ಅವರು ಹೋಗಿ ಆಗಲೇ 14 ವರ್ಷ ಆಗಿತ್ತು.